ಆಟ ಮುಗಿದ ಮೇಲೆ ಅವರೆಲ್ಲ ಎಲ್ಲಿಗೆ ಹೋದರು?

ಕಳೆದ ದಸರಾ ರಜೆಗೆ ಪಟಾನ್‌ಚೆರುವಿನಿಂದ ಬೀದರ್‌ಗೆ ಹೋಗಿದ್ದೆವು. ಅಮ್ಮ ಅಟ್ಟ ಸ್ವಚ್ಛ ಮಾಡಿಸುತ್ತಿದ್ದಳು. ಹಳೆಯ ಟ್ರಂಕಿನಿಂದ ಒಂದು ಧೂಳು ಹಿಡಿದ ಡಬ್ಬಿ ತೆಗೆದು, "ಇದನ್ನ ಒಗೀಲೇನವ್ವಾ, ಇಟ್ಕೋತೀಯೇನು?" ಎಂದು ಕೇಳಿದಳು. ನಮ್ಮ ಟಿವಿ ವಿಡಿಯೋ ಗೇಮ್! ಜೊತೆಗೆ ಹಳದಿ ಬಣ್ಣದ ಎರಡು ಕ್ಯಾಸೆಟ್. ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ನೆನಪಿರಬೇಕು. ಆಟ ಶುರುವಾಗದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದೆವು. ತಮ್ಮನಿಗೆ ಕಾಂಟ್ರಾ, ನನಗೆ ಮಾರಿಯೋ. ಕರೆಂಟು ಹೋದರೆ ಇಬ್ಬರಿಗೂ ಅಳು.

ಐದನೇ ಕ್ಲಾಸಿನ ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಮಾಡಿದವ್ರು ಈಗ ಏನ್ ಮಾಡ್ತಿದ್ದಾರೆ ಮಮ್ಮಿ?" ಅಂದಳು. ಎಂಟೆಕ್ ಓದಿ, ಹದಿಮೂರು ವರ್ಷ ಸಾಫ್ಟ್‌ವೇರ್ ಬರೆದವಳಿಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡದೆ ಕಾಡಲು ಬೇರೊಂದು ಕಾರಣವೂ ಇತ್ತು. ಅದಕ್ಕೆ ಒಂದು ತಿಂಗಳ ಮೊದಲಷ್ಟೇ, ನಾನು ಒಂಬತ್ತು ವರ್ಷ ಕೆಲಸ ಮಾಡಿದ ಒಂದು ಪುಟ್ಟ ಸಾಧನದ ತಯಾರಿಕೆಯನ್ನು ನಿಲ್ಲಿಸುತ್ತೇವೆ ಎಂದು ನಮ್ಮ ಕಂಪನಿ ಹೇಳಿತ್ತು. ಹದಿನೈದು ನಿಮಿಷದ ಕಾಲ್, ಅಷ್ಟೇ. ಮರುದಿನದಿಂದ ತಂಡದವರೆಲ್ಲ ರೆಸ್ಯೂಮೆ ತಿದ್ದಲು ಕುಳಿತರು.

ಮೊದಲು ನಮ್ಮ ಡಬ್ಬಿಯ ಕಥೆ ಹೇಳುತ್ತೇನೆ. ಅದು ಅಸಲಿ ಅಲ್ಲ, ನಕಲು. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ತಂದ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳೇ ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಅಂಗಡಿಗೆ ಬಂದದ್ದು. ಮೂಲ ಯಂತ್ರವನ್ನು ರೂಪಿಸಿದ ತಂಡದ ಮುಖ್ಯಸ್ಥರು ಮಸಾಯುಕಿ ಉಎಮುರಾ. ಅದರ ಮುಂದಿನ ತಲೆಮಾರಿನ ಸೂಪರ್ ಫ್ಯಾಮಿಕಾಮ್ ಕೂಡ ಅವರದೇ. 2004ರಲ್ಲಿ ನಿವೃತ್ತರಾಗಿ ಕ್ಯೋಟೊ ನಗರದ ರಿತ್ಸುಮೈಕಾನ್ ವಿಶ್ವವಿದ್ಯಾಲಯದಲ್ಲಿ ಆಟಗಳ ಅಧ್ಯಯನ ಕಲಿಸುತ್ತಿದ್ದರು. 2021ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಮ್ಮ ಮನೆಯಲ್ಲಿ ಅಷ್ಟು ವರ್ಷ ಇದ್ದ ಯಂತ್ರ ಮಾಡಿದವರ ಹೆಸರು ನನಗೆ ತಿಳಿದದ್ದು ಅವರು ಹೋದ ಮೇಲೆ.

ಕ್ಯಾಸೆಟ್ ಬದಲಿಸಿ ಬೇರೆ ಬೇರೆ ಆಟ ಆಡುವ ಏರ್ಪಾಡು ಇನ್ನೂ ಹಳೆಯದು. 1976ರಲ್ಲಿ ಅಮೆರಿಕದಲ್ಲಿ ಬಂದ ಫೇರ್‌ಚೈಲ್ಡ್ ಚಾನೆಲ್ ಎಫ್ ಎಂಬ ಯಂತ್ರದಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂತು. ಆ ಕೆಲಸದ ಮುಂದಾಳು ಜೆರ್ರಿ ಲಾಸನ್, ಆ ಕಾಲದ ಸಿಲಿಕಾನ್ ಕಣಿವೆಯಲ್ಲಿದ್ದ ಬೆರಳೆಣಿಕೆಯ ಕಪ್ಪು ಎಂಜಿನಿಯರುಗಳಲ್ಲಿ ಒಬ್ಬರು. 1980ರಲ್ಲಿ ಕೆಲಸ ಬಿಟ್ಟು ವಿಡಿಯೋಸಾಫ್ಟ್ ಎಂಬ ಸ್ವಂತ ಕಂಪನಿ ಮಾಡಿದರು, ಅದು ಹೆಚ್ಚು ದಿನ ನಡೆಯಲಿಲ್ಲ. ಸಕ್ಕರೆ ಕಾಯಿಲೆ ಅವರ ಒಂದು ಕಾಲನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ತೆಗೆದುಕೊಂಡಿತು. ಆಟ ತಯಾರಕರ ಅಂತರರಾಷ್ಟ್ರೀಯ ಸಂಘ ಅವರನ್ನು ಗೌರವಿಸಿದ್ದು 2011ರ ಮಾರ್ಚ್‌ನಲ್ಲಿ. ಏಪ್ರಿಲ್‌ನಲ್ಲಿ ಅವರು ಇರಲಿಲ್ಲ.

ಈ ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು ಮಾತ್ರ ಕ್ಯಾರೊಲ್ ಶಾ. 1955ರಲ್ಲಿ ಹುಟ್ಟಿದವರು, ಬರ್ಕ್ಲಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ ಮುಗಿಸಿ 1978ರಲ್ಲಿ ಅಟಾರಿ ಕಂಪನಿ ಸೇರಿದರು. ಕನ್ಸೋಲ್ ಆಟ ಬರೆಯುವುದನ್ನೇ ವೃತ್ತಿ ಮಾಡಿಕೊಂಡ ಮೊದಲ ಹೆಂಗಸರಲ್ಲಿ ಒಬ್ಬರು. ಮೊದಲನೆಯವರು ಎನ್ನಲು ಹೋಗುವುದಿಲ್ಲ. ಏಕೆಂದರೆ 1976ರಲ್ಲೇ ಜಾಯ್ಸ್ ವೈಸ್‌ಬೆಕರ್ ಎಂಬ ಕಾಲೇಜು ಹುಡುಗಿ ತನ್ನ ತಂದೆ ಕೆಲಸ ಮಾಡುತ್ತಿದ್ದ ಆರ್‌ಸಿಎ ಕಂಪನಿಯ ಯಂತ್ರಕ್ಕೆ ಹೊರಗುತ್ತಿಗೆಯಲ್ಲಿ ಆಟ ಬರೆದುಕೊಟ್ಟಿದ್ದಳು. ಮುಂದೆ ವಿಮಾ ಗಣಿತದ ಕೆಲಸಕ್ಕೆ ಹೋದಳು.

ಕ್ಯಾರೊಲ್ ಸೇರಿದ ಹೊಸದರಲ್ಲಿ ಕಂಪನಿಯ ಅಧ್ಯಕ್ಷರು ಲ್ಯಾಬಿಗೆ ಬಂದರಂತೆ. ಅಂತೂ ಒಬ್ಬ ಹೆಣ್ಣುಮಗಳು ಸಿಕ್ಕಳು, ಇನ್ನು ಮೇಕಪ್ಪಿನ ಬಣ್ಣ ಹೊಂದಿಸುವುದು, ಮನೆ ಅಲಂಕಾರ ಮಾಡುವುದು ಇಂಥ ಆಟಗಳನ್ನು ಇವಳಿಂದ ಮಾಡಿಸಬಹುದು ಎಂಬ ಅರ್ಥದ ಮಾತಾಡಿ ಹೋದರಂತೆ. ಜೊತೆಯ ಪ್ರೋಗ್ರಾಮರುಗಳು ಅದನ್ನು ತಲೆಗೆ ಹಾಕಿಕೊಳ್ಳಬೇಡ, ನಿನಗೆ ಬೇಕಾದ ಆಟ ಮಾಡು ಎಂದರು. ಆಕೆ ಚೆಕರ್ಸ್ ಆಡುವ ಪ್ರೋಗ್ರಾಂ ಬರೆದರು. (ನಮ್ಮ ಕಾಲದ ಮೀಟಿಂಗಿನಲ್ಲಿ ನೋಟ್ಸ್ ಬರೆದುಕೊಳ್ಳಲು ಯಾರನ್ನು ಕೇಳುತ್ತಾರೆ ಎಂಬುದು ನಿಮಗೆ ಗೊತ್ತಿದ್ದದ್ದೇ.)

ಆ ಕೆಲಸ ಎಷ್ಟು ಕಷ್ಟದ್ದು ಎಂದು ಸ್ವಲ್ಪ ಹೇಳಬೇಕು. ಅಟಾರಿ 2600 ಯಂತ್ರದ ಮೆಮೊರಿ 128 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ, ಅಂದರೆ ಅಕ್ಷರ, ಕೊಂಬು, ಒತ್ತಿನ ಗುರುತು ಒಂದೊಂದಕ್ಕೂ, 3 ಬೈಟ್ ಬೇಕು. ಅಂದರೆ 42 ಚಿಹ್ನೆ ಬರೆಯುವಷ್ಟರಲ್ಲಿ ಆ ಮೆಮೊರಿ ತುಂಬಿತು. ಪರದೆಯ ಚಿತ್ರವನ್ನು ಒಂದು ಕಡೆ ಬರೆದಿಟ್ಟುಕೊಳ್ಳಲು ಜಾಗವೇ ಇಲ್ಲ. ಟಿವಿಯ ಕಿರಣ ಒಂದೊಂದು ಗೆರೆ ಎಳೆಯುತ್ತಾ ಹೋದಂತೆ ಪ್ರೋಗ್ರಾಂ ಅದರ ಜೊತೆಗೇ ಓಡುತ್ತಾ ಆ ಗೆರೆಯಲ್ಲಿ ಏನು ಕಾಣಬೇಕೆಂದು ಹೇಳುತ್ತಾ ಹೋಗಬೇಕು.

ಇಂಥ ಯಂತ್ರಕ್ಕೆ 1982ರಲ್ಲಿ ಆಕೆ ಬರೆದದ್ದು ರಿವರ್ ರೇಡ್. ಉದ್ದಕ್ಕೂ ಹರಿಯುವ ನದಿ, ಅದರ ಮೇಲೆ ಹಾರುವ ವಿಮಾನ, ಕವಲುಗಳು, ನಡುಗಡ್ಡೆಗಳು, ಸೇತುವೆಗಳು. ಎಲ್ಲ ಸೇರಿ ಕ್ಯಾಸೆಟ್ಟಿನಲ್ಲಿದ್ದದ್ದು 4 ಕಿಲೋಬೈಟ್. ಅಷ್ಟು ಉದ್ದದ ನದಿ ಅದರೊಳಗೆ ಹೇಗೆ ಹಿಡಿಯಿತು? ಚುಕ್ಕಿ ರಂಗೋಲಿ ಹಾಗೆಯೇ. ನಾವು ಗೆಳತಿಗೆ ಫೋನಿನಲ್ಲಿ ರಂಗೋಲಿ ಹೇಳುವಾಗ ಇಡೀ ಚಿತ್ರ ವಿವರಿಸುವುದಿಲ್ಲ, "ಹದಿನೈದು ಚುಕ್ಕಿ, ಮಧ್ಯ ಚುಕ್ಕಿ, ಎಂಟರವರೆಗೆ" ಎನ್ನುತ್ತೇವೆ. ಆಕೆ ನದಿಯನ್ನು ಇಡಲಿಲ್ಲ, ನದಿ ಹುಟ್ಟಿಸುವ ಒಂದು ಲೆಕ್ಕವನ್ನು ಇಟ್ಟರು. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ, ಅದರಿಂದ ದಡದ ಆಕಾರ. ಶುರುವಿನ ಸಂಖ್ಯೆ ಒಂದೇ ಆದ್ದರಿಂದ ಪ್ರತಿ ಸಲವೂ ಅದೇ ನದಿ. ಎಂಟೆಕ್‌ನಲ್ಲಿ ಈ ಲೆಕ್ಕವನ್ನು ನಾನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅದರಿಂದ ನದಿ ಹರಿಸಬಹುದೆಂದು ಯಾರೂ ಹೇಳಿರಲಿಲ್ಲ.

ಆಗ ಆಕೆ ಇದ್ದದ್ದು ಆಕ್ಟಿವಿಷನ್ ಎಂಬ ಕಂಪನಿಯಲ್ಲಿ. ಅದರ ಹುಟ್ಟಿಗೂ ಒಂದು ಕಾರಣವಿದೆ. ಅಟಾರಿ ಆಟ ಬರೆದವರ ಹೆಸರನ್ನು ಎಲ್ಲಿಯೂ ಹಾಕುತ್ತಿರಲಿಲ್ಲ. ಬೇಸತ್ತ ನಾಲ್ಕು ಪ್ರೋಗ್ರಾಮರುಗಳು 1979ರಲ್ಲಿ ಹೊರಬಂದು ಸ್ವಂತ ಕಂಪನಿ ಕಟ್ಟಿದರು, ಆಟ ಮಾಡಿದವರ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಹೊರಗೆ ಹೋಗದೆ ಒಳಗೇ ಉಪಾಯ ಮಾಡಿದವರು ವಾರನ್ ರಾಬಿನೆಟ್. ಅಡ್ವೆಂಚರ್ ಎಂಬ ಆಟದ ಗುಪ್ತ ಕೋಣೆಯೊಂದರಲ್ಲಿ ಕಂಪನಿಗೂ ಗೊತ್ತಾಗದಂತೆ ತಮ್ಮ ಹೆಸರು ಬಚ್ಚಿಟ್ಟರು! ಮುಂದೆ ಅವರು ದಿ ಲರ್ನಿಂಗ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾಗಿ, ಮಕ್ಕಳಿಗೆ ಲಾಜಿಕ್ ಗೇಟ್ ಕಲಿಸುವ ರಾಕೀಸ್ ಬೂಟ್ಸ್ ಎಂಬ ಆಟ ಮಾಡಿದರು.

1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿಯಿತು. ಅಂಗಡಿಗಳಲ್ಲಿ ಕ್ಯಾಸೆಟ್ ರಾಶಿ ಬಿದ್ದವು. ಅಟಾರಿ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೊದ ಅಲಮೊಗಾರ್ಡೊದಲ್ಲಿ ಗುಂಡಿ ತೋಡಿ ಹೂಳಿತು. ಅದರಲ್ಲಿ ಇ.ಟಿ. ಎಂಬ ಆಟವೂ ಇತ್ತು. ಅದನ್ನು ಬರೆಯಲು ಹೋವರ್ಡ್ ಸ್ಕಾಟ್ ವಾರ್ಶಾ ಅವರಿಗೆ ಸಿಕ್ಕಿದ್ದು ಸುಮಾರು ಐದು ವಾರ. ಡೆಡ್‌ಲೈನ್ ಇಟ್ಟವರನ್ನು ಬಿಟ್ಟು ಬರೆದವರನ್ನೇ ಜನ ದಶಕಗಟ್ಟಲೆ ಆಡಿಕೊಂಡರು. 2014ರಲ್ಲಿ ಆ ಗುಂಡಿ ಅಗೆದು ಕ್ಯಾಸೆಟ್ ಹೊರತೆಗೆದಾಗ ವಾರ್ಶಾ ಅಲ್ಲಿ ನಿಂತು ನೋಡಿದರು. ಅಷ್ಟರಲ್ಲಿ ಅವರು ಸಿಲಿಕಾನ್ ಕಣಿವೆಯಲ್ಲೇ ಮನೋಚಿಕಿತ್ಸಕರಾಗಿದ್ದರು, ತಾಂತ್ರಿಕ ಕೆಲಸದವರ ದುಗುಡ ಕೇಳುವ ವೃತ್ತಿಯಲ್ಲಿದ್ದರು. ಅವರಷ್ಟು ಅನುಭವ ಇನ್ಯಾರಿಗಿದ್ದೀತು?

ಕ್ಯಾರೊಲ್ ಶಾ 1984ರಲ್ಲಿ ಆಕ್ಟಿವಿಷನ್ ಬಿಟ್ಟು, ತಾವು ನಡುವೆ ಕೆಲಸ ಮಾಡಿದ್ದ ಟ್ಯಾಂಡಮ್ ಕಂಪನಿಗೆ ಮರಳಿದರು. ಬ್ಯಾಂಕುಗಳಂಥ ಕಡೆ ನಿಲ್ಲದೆ ನಡೆಯಬೇಕಾದ ಕಂಪ್ಯೂಟರುಗಳನ್ನು ಮಾಡುತ್ತಿದ್ದ ಕಂಪನಿ ಅದು. 1990ರಲ್ಲಿ ನಿವೃತ್ತಿ. ಆಗ ಅವರಿಗೆ 35, ಈಗಿನ ನನ್ನ ವಯಸ್ಸು! ನಂತರ ಸ್ವಯಂಸೇವೆ ಮಾಡಿಕೊಂಡು ಸುಮ್ಮನಿದ್ದರು. 2017ರಲ್ಲಿ ದಿ ಗೇಮ್ ಅವಾರ್ಡ್ಸ್ ಸಮಾರಂಭದಲ್ಲಿ ಅವರಿಗೆ ಗೌರವ ಸಂದಿತು. ತಮ್ಮ ಬಳಿ ಉಳಿದಿದ್ದ ಪ್ರೋಗ್ರಾಂ ಪ್ರತಿಗಳು, ಕಾಗದಪತ್ರಗಳನ್ನು ರಾಚೆಸ್ಟರ್‌ನ ದಿ ಸ್ಟ್ರಾಂಗ್ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾರೆ.

ಹಾಗಾದರೆ ನಮ್ಮವರು? ಕನ್ಸೋಲ್ ಎಂದು ಹೇಳಲಾಗದಿದ್ದರೂ ಅದಕ್ಕೆ ಹತ್ತಿರದ ಒಂದು ಸಾಧನ ಬೆಂಗಳೂರಿನಲ್ಲೇ ಹುಟ್ಟಿತ್ತು: ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಮಾಡಿದ ಕೈಹಿಡಿ ಕಂಪ್ಯೂಟರ್. ಮಾದರಿ ಬಂದದ್ದು 2001ರಲ್ಲಿ. ಹಳ್ಳಿಯ ಜನ ಹಂಚಿಕೊಂಡು ಬಳಸಲೆಂದು ಸ್ಮಾರ್ಟ್ ಕಾರ್ಡ್, ಓದಲು ಬಾರದವರಿಗೆಂದು ಕನ್ನಡ ಮಾತಾಡುವ ಧ್ವನಿ. ಕಾಲೇಜಿನಲ್ಲಿ ನಮ್ಮ ಸರ್ ಇದರ ಬಗ್ಗೆ ಹೇಳುವಾಗ ಅವರ ಮುಖ ಅರಳುತ್ತಿತ್ತು.

2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಅದರೊಳಗೆ ಅಲುಗಾಟ ಗುರುತಿಸುವ ಆಕ್ಸಿಲರೋಮೀಟರ್ ಇತ್ತು. ಕೈ ತಿರುಗಿಸಿದರೆ ಪುಟ ಮಗುಚುತ್ತಿತ್ತು, ಸಾಧನವನ್ನೇ ಓಲಾಡಿಸಿ ಆಡುವ ಪುಟ್ಟ ಆಟಗಳೂ ಇದ್ದವು. ಐಫೋನ್ ಬಂದದ್ದು 2007ರಲ್ಲಿ, ನಿಂಟೆಂಡೊದ ಕೈ ಬೀಸಿ ಆಡುವ ವೀ 2006ರಲ್ಲಿ. ಇಷ್ಟಿದ್ದೂ ಸಿಂಪ್ಯೂಟರ್ ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಅಗ್ಗವಾಯಿತು. ನನಗನಿಸುವುದು, ಸರ್ಕಾರಿ ಖರೀದಿಯನ್ನು ನೆಚ್ಚಿಕೊಂಡ ಸಾಧನಕ್ಕೆ ಅಷ್ಟು ಬೇಗ ಓಡಲು ಆಗಲಿಲ್ಲ.

ಮಾಡಿದವರು ಚದುರಿದರು. ವಿಜಯ್ ಚಂದ್ರು ಮತ್ತು ರಮೇಶ್ ಹರಿಹರನ್ ತಾವೇ 2000ದಲ್ಲಿ ಗೆಳೆಯರೊಂದಿಗೆ ಸ್ಥಾಪಿಸಿದ್ದ ಸ್ಟ್ರ್ಯಾಂಡ್ ಕಂಪನಿಯಲ್ಲಿ ಜೀನುಗಳ ವಿಶ್ಲೇಷಣೆಗೆ ಇಳಿದರು. ಚಂದ್ರು ಮುಂದೆ ಅಪರೂಪದ ಕಾಯಿಲೆಗಳ ರೋಗಿಗಳಿಗಾಗಿ ದುಡಿಯುವ ಸಂಸ್ಥೆಯೊಂದರ ಸಹಸ್ಥಾಪಕರಾದರು. ವಿನಯ್ ಈಗ ಕಾರ್ಖಾನೆಗಳಲ್ಲಿ ತಾನೇ ಓಡಾಡಿ ಸರಕು ಸಾಗಿಸುವ ಗಾಡಿ ಮಾಡುವ ಅತಿ ಮೋಟರ್ಸ್‌ನ ಸ್ಥಾಪಕರಲ್ಲೊಬ್ಬರು. ಹರಿಹರನ್ ಮುಂದಾಳತ್ವದಲ್ಲಿ ಸಿಂಪ್ಯೂಟರಿಗೆಂದು ಆದ ಧ್ವನಿ ತಂತ್ರಾಂಶ ಯಂತ್ರದೊಂದಿಗೆ ಸಾಯಲಿಲ್ಲ. ಮುಕ್ತ ತಂತ್ರಾಂಶವಾಗಿದ್ದರಿಂದ ಬೇರೆಯವರು ಅದಕ್ಕೆ ಇನ್ನಷ್ಟು ಭಾರತೀಯ ಭಾಷೆ ಸೇರಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ವಾಮಿ ಮನೋಹರ್ ಹಿಡಿದ ದಾರಿ. ಅವರು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿ, ಕಣ್ಣು ಕಾಣದ ಮಕ್ಕಳಿಗೆ ಆಟದ ಮೂಲಕವೇ ಗಣಿತ, ಕಂಪ್ಯೂಟರ್ ಯೋಚನೆಯನ್ನು ಹೇಗೆ ಕಲಿಸಬಹುದೆಂದು ಸಂಶೋಧನೆ ಮಾಡಿದರು. ಈ ಕೆಲಸದಲ್ಲಿ ಜೊತೆಯಾದದ್ದು ವಿಷನ್ ಎಂಪವರ್ ಎಂಬ ಸಂಸ್ಥೆ. ಅದರ ಸಹಸ್ಥಾಪಕಿ ವಿದ್ಯಾ ವೈ. ಸ್ವತಃ ದೃಷ್ಟಿ ಇಲ್ಲದೆ ಗಣಿತ, ಕಂಪ್ಯೂಟರ್ ವಿಜ್ಞಾನ ಓದಿದ ಕರ್ನಾಟಕದ ಹೆಣ್ಣುಮಗಳು. ಇದನ್ನು ಮಗಳಿಗೆ ಓದಿ ಹೇಳಿದಾಗ, "ಕಣ್ಣು ಕಾಣದಿದ್ರೆ ಗೇಮ್ ಹೇಗೆ ಆಡ್ತಾರೆ?" ಎಂದು ಕೇಳಿ, ಆಮೇಲೆ ತಾನೇ ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಅರ್ಧ ಗಂಟೆ ಚೌಕಾಬಾರ ಆಡಿದಳು. ಕವಡೆ ಎಣಿಸಿದ್ದು ಬೆರಳಲ್ಲಿ.

ನನ್ನ ತಂಡದಲ್ಲಿದ್ದ ಹನ್ನೊಂದು ಮಂದಿಯಲ್ಲಿ ನಾಲ್ವರಿಗೆ ಬೇರೆ ಕಡೆ ಕೆಲಸ ಸಿಕ್ಕಿದೆ. ಒಬ್ಬಳು ವಾರಂಗಲ್‌ಗೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ. ನಾನು ಎರಡು ತಿಂಗಳು ಮನೆಯಲ್ಲಿದ್ದೆ. ಈಗ ಆಸ್ಪತ್ರೆಯ ಉಪಕರಣವೊಂದಕ್ಕೆ ಸಾಫ್ಟ್‌ವೇರ್ ಬರೆಯುವ ಒಂದು ಸಣ್ಣ ಕಂಪನಿ ಕರೆದಿದೆ. ಸಂಬಳ ಕಡಿಮೆ, ಮೆಮೊರಿ ಅದಕ್ಕಿಂತ ಕಡಿಮೆ. ಹೂಂ ಅಂದಿದ್ದೇನೆ.

ಡಬ್ಬಿಯನ್ನು ಒಗೆಯಲು ಬಿಡದೆ ಪಟಾನ್‌ಚೆರುವಿಗೆ ತಂದೆ. ಈಗಿನ ಟಿವಿಗೆ ಅದರ ವೈರು ಹೊಂದುವುದಿಲ್ಲ, ಒಂದು ಭಾನುವಾರ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಕನ್ವರ್ಟರ್ ತಂದೆವು. ಮಗಳು ಕ್ಯಾಸೆಟ್ ಹಾಕಿದಳು, ಏನೂ ಬರಲಿಲ್ಲ. ತೆಗೆದು ಊದಿ ಹಾಕು ಎಂದೆ. ಬಂತು. ಅಡಾಪ್ಟರ್ ಮಾತ್ರ ಹತ್ತು ನಿಮಿಷಕ್ಕೇ ಬಿಸಿಯಾಗುತ್ತದೆ, ಬೇರೆ ತರಬೇಕು.