ಲಂಕೆಯಿಂದ ಬಂದ ಡಾಲ್ಡಾ

2003ರಿಂದ 2007ರ ನಡುವೆ ನೀವು ಬೇಕರಿಯಲ್ಲಿ ಪಫ್ಸ್ ತಿಂದಿದ್ದರೆ (ತಿನ್ನದೇ ಇರ್ತೀರಾ!) ಅದರಲ್ಲಿದ್ದ ಡಾಲ್ಡಾ ಶ್ರೀಲಂಕಾದಿಂದ ಬಂದಿದ್ದರೂ ಬಂದಿರಬಹುದು. ಲಂಕೆಯವರದ್ದು ತೆಂಗಿನೆಣ್ಣೆ ಅಡುಗೆ. ಡಾಲ್ಡಾ ಅಂದರೆ ವನಸ್ಪತಿ, ಅದಕ್ಕೆ ಬೇಕಾದ ತಾಳೆಎಣ್ಣೆ ಅಲ್ಲಿ ಆ ಪ್ರಮಾಣದಲ್ಲಿ ಬೆಳೆಯುವುದೂ ಇಲ್ಲ. ಆದರೂ ಆ ಪುಟ್ಟ ದ್ವೀಪ ಕೆಲವು ವರ್ಷ ಭಾರತಕ್ಕೆ ಲಕ್ಷಗಟ್ಟಲೆ ಟನ್ ವನಸ್ಪತಿ ಕಳಿಸಿತು. ಹೇಗೆ ಅಂತ ಕೆದಕುತ್ತಾ ಹೋದವನಿಗೆ ಸಿಕ್ಕಿದ್ದು ಒಂದು ಒಪ್ಪಂದದ ಕಥೆ.

ಭಾರತ ಮತ್ತು ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1998ರ ಡಿಸೆಂಬರ್ 28ರಂದು, ದೆಹಲಿಯಲ್ಲಿ. ಸಹಿ ಹಾಕಿದವರು ವಾಜಪೇಯಿ ಮತ್ತು ಚಂದ್ರಿಕಾ ಕುಮಾರತುಂಗ. ಅದೇ ವರ್ಷ ಮೇ ತಿಂಗಳಲ್ಲಿ ಪೋಖ್ರಾನ್ ಆಗಿತ್ತು, ಅಮೆರಿಕ ದಿಗ್ಬಂಧನ ಹೇರಿತ್ತು, ಅಕ್ಕಪಕ್ಕದವರ ಜೊತೆ ಚೆನ್ನಾಗಿದ್ದೇವೆ ಅಂತ ತೋರಿಸುವುದು ನಮಗೂ ಬೇಕಿತ್ತು. ಲಂಕೆಯ ಲೆಕ್ಕ ಬೇರೆ. ಆಗ ಅಲ್ಲಿನ ಜನಸಂಖ್ಯೆ ಎರಡು ಕೋಟಿಯೂ ಇರಲಿಲ್ಲ, ಪಕ್ಕದಲ್ಲಿ ನೂರು ಕೋಟಿ ಜನರ ಮಾರುಕಟ್ಟೆ. ಭಾರತದಿಂದ ಅವರು ಕೊಳ್ಳುತ್ತಿದ್ದುದು ಭಾರತಕ್ಕೆ ಮಾರುತ್ತಿದ್ದುದರ ಸುಮಾರು ಹತ್ತು ಪಟ್ಟು. ಬಾಗಿಲು ತೆಗೆದರೆ ನಮ್ಮ ಸಾಮಾನೂ ಒಳಗೆ ಹೋಗುತ್ತೆ ಅನ್ನೋ ಆಸೆ, ಅದರ ಜೊತೆಗೇ ಆ ಬಾಗಿಲಿಂದ ಆನೆ ಒಳಗೆ ಬಂದರೆ ಅನ್ನೋ ಹೆದರಿಕೆ.

ಕಾಗದದ ಮೇಲೆ ನೋಡಿದರೆ ಭಾರತ ದೊಡ್ಡಣ್ಣನ ಥರವೇ ನಡೆದುಕೊಂಡಿತ್ತು. 2000ದ ಮಾರ್ಚ್‌ನಲ್ಲಿ ಒಪ್ಪಂದ ಜಾರಿಗೆ ಬಂದಾಗ ಭಾರತ ಮೂರು ವರ್ಷದಲ್ಲಿ ಸುಂಕ ಇಳಿಸಲು ಒಪ್ಪಿದರೆ, ಲಂಕೆಗೆ ಎಂಟು ವರ್ಷ ಕಾಲಾವಕಾಶ. ಸುಂಕ ಇಳಿಸಲೇಬೇಕಿಲ್ಲದ ಸರಕುಗಳಿಗೆ ಒಂದು ಪಟ್ಟಿ ಇರುತ್ತೆ, ನೆಗೆಟಿವ್ ಲಿಸ್ಟ್ ಅಂತಾರೆ. ಭಾರತದ ಪಟ್ಟಿಯಲ್ಲಿ 429 ಬಾಬ್ತು, ಲಂಕೆಯದರಲ್ಲಿ 1,180. ಚಿಕ್ಕವರಿಗೆ ಹೆಚ್ಚು ರಕ್ಷಣೆ, ನ್ಯಾಯವೇ.

ಸರಿ, ಲಂಕೆ ಜಗತ್ತಿಗೆ ಮಾರುವುದೇನು? ಸಿದ್ಧ ಉಡುಪು, ಟೀ. ಭಾರತ ಟೀಗೆ ವರ್ಷಕ್ಕೆ ಒಂದೂವರೆ ಕೋಟಿ ಕಿಲೋ ಮಿತಿ ಹಾಕಿತು, ಅದಕ್ಕೂ ಪೂರ್ತಿ ಸುಂಕ ಮಾಫಿ ಇಲ್ಲ. ಉಡುಪಿಗೆ ವರ್ಷಕ್ಕೆ 80 ಲಕ್ಷ ಪೀಸು, ಅದರಲ್ಲಿ 60 ಲಕ್ಷಕ್ಕೆ ಭಾರತದ ಬಟ್ಟೆಯನ್ನೇ ಬಳಸಬೇಕು. ಮೇಲಿಂದ, ಮೊದಮೊದಲು ಇವು ಇಂತಿಂಥ ಬಂದರಿನಲ್ಲೇ ಇಳಿಯಬೇಕು ಅನ್ನೋ ಷರತ್ತು. ಉಡುಪಿನ ಕೋಟಾದಲ್ಲಿ ಬಳಕೆಯಾಗಿದ್ದು ಅತಿ ಸ್ವಲ್ಪ. ಊಟಕ್ಕೆ ಕರೆದು, ಎಲೆ ಹಾಕಿ, ಅನ್ನದ ಪಾತ್ರೆ ಮಾತ್ರ ಒಳಗಿಟ್ಟ ಹಾಗೆ!

ಪುಣ್ಯಕ್ಕೋ ಪಾಪಕ್ಕೋ, ಯಾರೂ ಯೋಚಿಸಿರದ ಇನ್ನೊಂದು ಬಾಗಿಲು ತೆರೆದೇ ಉಳಿದಿತ್ತು. ಭಾರತ ತನ್ನ ಎಣ್ಣೆಕಾಳು ರೈತರಿಗಾಗಿ ಹೊರಗಿನ ಖಾದ್ಯ ತೈಲದ ಮೇಲೆ ಭಾರೀ ಸುಂಕ ಹಾಕುತ್ತಿತ್ತು, ಕಚ್ಚಾ ತಾಳೆಎಣ್ಣೆಗೆ 2005ರ ಹೊತ್ತಿಗೆ ಶೇಕಡಾ 80. ಲಂಕೆಯಲ್ಲಿ ಅದೇ ಎಣ್ಣೆಗೆ ಸುಂಕ ಎಷ್ಟೋ ಕಡಿಮೆ. ಅಂದಮೇಲೆ ಮಾಡಬೇಕಾದ್ದು ಇಷ್ಟೇ. ಮಲೇಷ್ಯಾ, ಇಂಡೋನೇಷ್ಯಾದಿಂದ ಎಣ್ಣೆಯನ್ನು ಕೊಲಂಬೋಗೆ ತರಿಸು, ಅಲ್ಲಿ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡು, 'ಶ್ರೀಲಂಕಾದಲ್ಲಿ ತಯಾರಾದದ್ದು' ಅಂತ ಪ್ರಮಾಣಪತ್ರ ತಗೋ, ಸುಂಕವಿಲ್ಲದೆ ಭಾರತಕ್ಕೆ ಸಾಗಿಸು. ಒಪ್ಪಂದದ ಪ್ರಕಾರ ಮಾಲಿನ ಬೆಲೆಯಲ್ಲಿ ಶೇಕಡಾ 35ರಷ್ಟು ಅಲ್ಲೇ ಸೇರ್ಪಡೆಯಾಗಿರಬೇಕು. ಭಾರತದ ವಸ್ತುವನ್ನೂ ಬಳಸಿದ್ದರೆ ಶೇಕಡಾ 25 ಸಾಕು. ಅದು ನಿಜವಾಗಿ ಆಗುತ್ತಿತ್ತೋ, ಕಾಗದದಲ್ಲಿ ಮಾತ್ರ ಆಗುತ್ತಿತ್ತೋ ಅಂತ ಇಲ್ಲಿನ ವನಸ್ಪತಿ ತಯಾರಕರು ವರ್ಷಗಟ್ಟಲೆ ಕೂಗಾಡಿದರು. ತಾಮ್ರದ್ದೂ ಇದೇ ಕಥೆ. ಗುಜರಿ ತಾಮ್ರ ಲಂಕೆಗೆ ಬರುತ್ತಿತ್ತು, ಕರಗಿ ಭಾರತಕ್ಕೆ ಹೋಗುತ್ತಿತ್ತು.

ಇಲ್ಲಿನ ತಮಾಷೆ ನೋಡಿ, ಆ ಕಾರ್ಖಾನೆಗಳಿಗೆ ದುಡ್ಡು ಹಾಕಿದವರು ಬಹುಪಾಲು ಭಾರತೀಯರೇ. ನಮ್ಮ ಸುಂಕ ತಪ್ಪಿಸೋಕೆ ನಮ್ಮವರೇ ಸಮುದ್ರ ದಾಟಿ ಅಂಗಡಿ ತೆರೆದಿದ್ದರು. ಇದು ಕಾನೂನುಬಾಹಿರವೇನಲ್ಲ. ಕೋಡ್ ಬರೆಯೋರಿಗೆ ಇದು ಗೊತ್ತಿರುತ್ತೆ, ಎರಡು ಸಿಸ್ಟಂಗಳು ಒಂದೊಂದೇ ನೋಡಿದರೆ ಸರಿಯಾಗೇ ಇರುತ್ತವೆ, ಜೋಡಿಸಿದಾಗ ಸಂದಿಯಲ್ಲಿ ತೂತು ಕಾಣುತ್ತೆ :-)

ಅಂಕಿಅಂಶ ಮಾತ್ರ ಭರ್ಜರಿ. 1999ರಲ್ಲಿ ಭಾರತಕ್ಕೆ ಲಂಕೆಯ ರಫ್ತು ಸುಮಾರು 5 ಕೋಟಿ ಡಾಲರ್. 2005ರಲ್ಲಿ 55 ಕೋಟಿ ದಾಟಿತು. ಕೊಂಡದ್ದು ಮಾರಿದ್ದರ ಹತ್ತು ಪಟ್ಟಿದ್ದದ್ದು ಮೂರು ಪಟ್ಟಿಗೂ ಕಡಿಮೆಯಾಯಿತು. ಒಪ್ಪಂದ ಗೆದ್ದಿತು ಅಂತ ಎರಡೂ ರಾಜಧಾನಿಗಳಲ್ಲಿ ಭಾಷಣಗಳಾದವು. ಆದರೆ ಆ ರಫ್ತಿನ ಹೆಚ್ಚುಕಮ್ಮಿ ಅರ್ಧ ವನಸ್ಪತಿ ಮತ್ತು ತಾಮ್ರ, ಅಂದರೆ ಲಂಕೆಯ ಮಣ್ಣಲ್ಲಿ ಬೆಳೆಯದ, ಲಂಕೆಯ ಗಣಿಯಲ್ಲಿ ಸಿಗದ ಎರಡು ವಸ್ತು.

2006ರಲ್ಲಿ ಭಾರತ ವನಸ್ಪತಿಗೆ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಮಿತಿ ಹಾಕಿತು. ನಿಜವಾದ ಪೆಟ್ಟು ಬಿದ್ದದ್ದು 2008ರ ಏಪ್ರಿಲ್‌ನಲ್ಲಿ. ಜಗತ್ತಿನಾದ್ಯಂತ ಆಹಾರದ ಬೆಲೆ ಏರಿದ್ದಾಗ ದೆಹಲಿ ಕಚ್ಚಾ ಖಾದ್ಯ ತೈಲದ ಸುಂಕವನ್ನು ಸೊನ್ನೆಗೆ ಇಳಿಸಿತು. ಲಂಕೆಯನ್ನು ಗುರಿಯಾಗಿಸಿ ತೆಗೆದುಕೊಂಡ ನಿರ್ಧಾರ ಅದಲ್ಲ, ಒಪ್ಪಂದದ ಒಂದಕ್ಷರವನ್ನೂ ಮುರಿದಿರಲಿಲ್ಲ. ನಮ್ಮ ಗೃಹಿಣಿಯರ ಎಣ್ಣೆ ಅಗ್ಗವಾಗಲಿ ಅಂತ ಮಾಡಿದ್ದು, ಅಷ್ಟೇ. ಆದರೆ ಎಂಬತ್ತಕ್ಕೂ ಕಡಿಮೆ ಸುಂಕಕ್ಕೂ ನಡುವಿನ ಅಂತರವೇ ಬಂಡವಾಳವಾಗಿದ್ದ ಕಾರ್ಖಾನೆಗಳಿಗೆ ಅಂತರ ಹೋದಮೇಲೆ ಉಳಿಯುವುದೇನು? 2009ರ ಹೊತ್ತಿಗೆ ರಫ್ತು 35 ಕೋಟಿ ಡಾಲರಿಗಿಂತ ಕೆಳಗಿಳಿದಿತ್ತು. ಚಿಕ್ಕ ದೇಶ ದೊಡ್ಡದರ ಜೊತೆ ಕೈಜೋಡಿಸುವಾಗಿನ ಅಪಾಯ ನನಗೆ ಕಾಣೋದು ಇಲ್ಲೇ. ದೊಡ್ಡದಕ್ಕೆ ಕೆಟ್ಟ ಮನಸ್ಸೇ ಬೇಕಿಲ್ಲ, ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಸಾಕು.

ಇಷ್ಟಾಗಿಯೂ ಒಪ್ಪಂದ ಲಂಕೆಯನ್ನು ಮುಳುಗಿಸಿತು ಅನ್ನೋರ ಮಾತನ್ನು ನಾನು ಒಪ್ಪಲ್ಲ. ಅಲ್ಲಿ ಓಡಾಡುವ ಬಜಾಜ್ ಆಟೋ, ಭಾರತದಿಂದ ಹೋಗುವ ಪೆಟ್ರೋಲು ಡೀಸೆಲ್ಲು, ಇಂಥ ದೊಡ್ಡ ಆಮದುಗಳ ಬಹುಪಾಲು ಒಪ್ಪಂದದ ಸೌಲಭ್ಯವಿಲ್ಲದೆಯೇ ನಡೆದದ್ದು. ಒಪ್ಪಂದ ಇರದಿದ್ದರೂ ಅವು ಹೋಗುತ್ತಿದ್ದವು. ಲಂಕೆಯ ರಫ್ತುದಾರರೇ ಅದನ್ನು ಹೆಚ್ಚು ಬಳಸಿಕೊಂಡರು. ಆಮೇಲೆ ಪಶು ಆಹಾರ, ಮಸಾಲೆ, ಕೋಟಾ ಸಡಿಲಿಸಿದ ಮೇಲೆ ಉಡುಪು ನಿಧಾನಕ್ಕೆ ಚೇತರಿಸಿಕೊಂಡವು.

ಮಸಾಲೆ ಅಂದೆನಲ್ಲ, ಅಲ್ಲಿ ಕಥೆ ನಮ್ಮ ಮಲೆನಾಡಿಗೇ ಬರುತ್ತೆ. ಒಪ್ಪಂದದಡಿ ವರ್ಷಕ್ಕೆ 2,500 ಟನ್ ಕರಿಮೆಣಸು ಸುಂಕವಿಲ್ಲದೆ ಬರಬಹುದು. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಬೆಳೆಗಾರರ ದೂರು ಲಂಕೆಯ ಮೆಣಸಿನ ಬಗ್ಗೆ ಅಷ್ಟಾಗಿ ಇರಲಿಲ್ಲ, ವಿಯೆಟ್ನಾಂ ಮೆಣಸು ಲಂಕೆಯ ಪ್ರಮಾಣಪತ್ರ ಹಾಕಿಕೊಂಡು ಬರುತ್ತಿದೆ ಅನ್ನೋದೇ ದೂರು. ಡಾಲ್ಡಾ ಹಿಡಿದ ದಾರಿಯನ್ನೇ ಮೆಣಸೂ ಹಿಡಿದಿತ್ತು! 2017ರ ಡಿಸೆಂಬರಿನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಕೊಲಂಬೋದಲ್ಲಿ ಭಾರತ ಅಂದರೆ ಹೆದರಿಕೆ, ಮಡಿಕೇರಿಯಲ್ಲಿ ಲಂಕೆ ಅಂದರೆ ಹೆದರಿಕೆ. ತೋಟದವನ ಲೆಕ್ಕದಲ್ಲಿ ಯಾವ ದೇಶ ದೊಡ್ಡದು, ಯಾವುದು ಚಿಕ್ಕದು?

ವನಸ್ಪತಿಯ ನೆನಪು ಹಸಿಯಾಗಿದ್ದಾಗಲೇ ಲಂಕೆಯ ಮುಂದೆ ಎರಡನೇ ಒಪ್ಪಂದ ಬಂದು ಕೂತಿತು. ಈ ಸಲ ಸರಕಿನ ಜೊತೆ ಸೇವೆ, ಬಂಡವಾಳ ಎಲ್ಲ ಸೇರಿದ ಸಮಗ್ರ ಒಪ್ಪಂದ, ಸೆಪಾ ಅಂತ ಹೆಸರು. 2005ರಿಂದ ಹದಿಮೂರು ಸುತ್ತು ಮಾತುಕತೆ ಆಗಿ, 2008ರ ಆಗಸ್ಟಿನಲ್ಲಿ ಕೊಲಂಬೋ ಸಾರ್ಕ್ ಶೃಂಗಸಭೆಯ ಹೊತ್ತಿಗೆ ಸಹಿ ಆಗಬೇಕಿತ್ತು. ಕೊನೇ ಗಳಿಗೆಯಲ್ಲಿ ಲಂಕೆ ಹಿಂದೆ ಸರಿಯಿತು. 2010ರಲ್ಲಂತೂ ಅಲ್ಲಿನ ಉದ್ಯಮಿಗಳೇ ಬೀದಿಗಿಳಿದು ಬೇಡ ಅಂದರು. 2016ರಲ್ಲಿ ಅದೇ 'ಎಟ್ಕಾ' ಅನ್ನೋ ಹೊಸ ಹೆಸರಲ್ಲಿ ಬಂದಾಗ ವೈದ್ಯರ ಸಂಘ ವಿರೋಧಿಸಿತು, ಸಾಫ್ಟ್‌ವೇರ್‌ನವರೂ ವಿರೋಧಿಸಿದರು. ಬೆಂಗಳೂರಿನ ಎಂಜಿನಿಯರುಗಳು ಹಿಂಡುಹಿಂಡಾಗಿ ಬಂದು ನಮ್ಮ ಕೆಲಸ ಕಸಿದರೆ ಅಂತ! ಹೊರಗಿನವರು ಬಂದು ಕೆಲಸ ಹೊಡೆದುಕೊಳ್ತಾರೆ ಅನ್ನೋ ಮಾತನ್ನು ದಿನಾ ಕೇಳುವ ಊರಲ್ಲಿ ಕೂತು ಇದನ್ನು ಓದಿದಾಗ ನಗು ಬಂತು. ಆಮೇಲೆ ನಗಬಾರದು ಅನ್ನಿಸಿತು. ಒಂದು ಎಣ್ಣೆಯ ಸುಂಕ ಬದಲಾಗಿದ್ದಕ್ಕೆ ಕಾರ್ಖಾನೆಗಳಿಗೆ ಬೀಗ ಬಿದ್ದದ್ದನ್ನು ಕಂಡವರು, ಮುಂದಿನ ಕಾಗದವನ್ನು ಹತ್ತು ಸಲ ತಿರುಗಿಸಿ ನೋಡಿದರೆ ತಪ್ಪೇನಿದೆ?

2022ರಲ್ಲಿ ಲಂಕೆಯ ಖಜಾನೆ ಬರಿದಾಯಿತು. ಸಾಲ ತೀರಿಸಲಾಗಲ್ಲ ಅಂತ ಏಪ್ರಿಲ್‌ನಲ್ಲಿ ಘೋಷಿಸಿತು. ಆಗ ಭಾರತ ಸುಮಾರು 400 ಕೋಟಿ ಡಾಲರಿನಷ್ಟು ನೆರವು ಕೊಟ್ಟಿತು. 2023ರಲ್ಲಿ ಎಟ್ಕಾ ಮಾತುಕತೆ ಮತ್ತೆ ಶುರು. ಮರುವರ್ಷ ಅಧ್ಯಕ್ಷರಾದ ಅನುರ ಕುಮಾರ ದಿಸ್ಸಾನಾಯಕೆ ಜೆವಿಪಿಯವರು. ಆ ಪಕ್ಷ ಹುಟ್ಟಿದ ಕಾಲದಲ್ಲಿ ಹೊಸ ಸದಸ್ಯರಿಗೆ ಕಡ್ಡಾಯವಾಗಿ ಐದು ಪಾಠ ಹೇಳಿಕೊಡುತ್ತಿದ್ದರು, ಅದರಲ್ಲಿ ಒಂದರ ವಿಷಯ 'ಭಾರತದ ವಿಸ್ತರಣಾವಾದ'. 2024ರ ಡಿಸೆಂಬರಿನಲ್ಲಿ ದಿಸ್ಸಾನಾಯಕೆ ಅಧ್ಯಕ್ಷರಾಗಿ ಮೊದಲ ವಿದೇಶ ಪ್ರವಾಸಕ್ಕೆ ಬಂದದ್ದು ದೆಹಲಿಗೆ. ಅವತ್ತಿನ ಜಂಟಿ ಹೇಳಿಕೆಯಲ್ಲಿ, ಎಟ್ಕಾ ಬಗ್ಗೆ ಮಾತುಕತೆ ಮುಂದುವರಿಸುತ್ತೇವೆ ಅಂತ ಒಂದು ಸಾಲಿದೆ.