ಎದೆಯೂ ಬೀದಿಯ ಸದ್ದೂ

ನಮ್ಮ ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಎದೆನೋವೆಂದು ವೈದ್ಯರ ಬಳಿ ಹೋದವನು ಮೊದಲು ಕೇಳಿಸಿಕೊಳ್ಳುವ ಮಾತು ತೆಂಗಿನಕಾಯಿಯನ್ನು ಕುರಿತದ್ದು. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರಿಗೂ ಹಾಗೆಯೇ ಆಯಿತು. "ಯಜಮಾನರೇ, ಕಾಯಿ ಕಡಮೆ ಮಾಡಿ, ಬೀಡಿ ಬಿಡಿ, ಉಪ್ಪು ಹಿತಮಿತವಾಗಿರಲಿ" ಎಂದರು ವೈದ್ಯರು. ಎಲ್ಲವೂ ಯುಕ್ತವಾದ ಮಾತುಗಳೇ. ಆದರೆ, ರಾತ್ರಿ ಮಲಗುವುದೆಲ್ಲಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ಹುಳಿಯಾರಿನ ರಸ್ತೆಗೆ ಮುಖಮಾಡಿದ ಬೀದಿಕೋಣೆಯಲ್ಲಿ, ಕಿಟಕಿಯ ಕಡೆಗೆ ತಲೆಯಿಟ್ಟು, ಎಂಬ ಉತ್ತರ ದೊರೆಯುತ್ತಿತ್ತು.

ಧ್ವನಿಯನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ನಮ್ಮ ತಾಲ್ಲೂಕಿನ ತೀರ್ಥಪುರದವರೇ ಆದ ತೀ.ನಂ.ಶ್ರೀಯವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಕೈಯಲ್ಲಿ ಹಿಡಿದು, ಕಾವ್ಯದ ಧ್ವನಿ ಸಹೃದಯನ ಹೃದಯವನ್ನು ಮುಟ್ಟುವ ಬಗೆಯನ್ನು ವರ್ಷವರ್ಷವೂ ವಿವರಿಸುತ್ತೇನೆ. ಹಾರನ್ನಿನ ಧ್ವನಿ ಹೃದಯವನ್ನು ಮುಟ್ಟುವುದಕ್ಕೆ ಸಹೃದಯತೆಯೇನೂ ಬೇಕಾಗಿಲ್ಲವೆಂಬುದು ಹೊಳೆದದ್ದು ತಡವಾಗಿ.

ಬೀದಿಯ ಸದ್ದಿನ ಮೇಲಿನ ದೂರು ಹಳೆಯದು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ, ಜೂಲಿಯಸ್ ಸೀಸರನ ಕಾಲದಲ್ಲಿ, ರೋಮಿನ ಬೀದಿಗಳಲ್ಲಿ ಹಗಲು ಹೊತ್ತು ಸಾಮಾನಿನ ಬಂಡಿ ಹೊಡೆಯಕೂಡದೆಂದು ಕಟ್ಟಳೆಯಾಯಿತು. ಬಂಡಿಗಳೆಲ್ಲ ರಾತ್ರಿಗೆ ಬಂದುವು. ನೂರೈವತ್ತು ವರ್ಷ ಕಳೆದ ಮೇಲೆ ಜೂವೆನಾಲನೆಂಬ ವಿಡಂಬನಕವಿ, ಈ ಊರಿನ ರೋಗಿಗಳಲ್ಲಿ ಹೆಚ್ಚಿನವರು ಸಾಯುವುದು ನಿದ್ದೆಗೆಟ್ಟೇ ಎಂಬ ಅರ್ಥದ ಮಾತು ಬರೆದ. ನಮ್ಮಲ್ಲಿಯೂ ಕೊಬ್ಬರಿ ತುಂಬಿದ ಎತ್ತಿನ ಗಾಡಿಗಳು ಕಬ್ಬಿಣದ ಪಟ್ಟಿಯ ಗಾಲಿಗಳನ್ನು ಕಟಕಟ ಎನ್ನಿಸುತ್ತ ತಿಪಟೂರಿನ ಸಂತೆಗೆ ಹೋಗುತ್ತಿದ್ದ ಕಾಲವೊಂದಿತ್ತು. ಆ ಸದ್ದು ಇಂಪಾಗಿತ್ತೆಂದು ಹಿರಿಯರು ಹೇಳುತ್ತಾರೆ. ಜೂವೆನಾಲ ಒಪ್ಪುತ್ತಿದ್ದನೋ ಇಲ್ಲವೋ!

ಆದರೆ ಈ ಶತಮಾನದ ಮೊದಲ ದಶಕದಲ್ಲಿ ಬಂದದ್ದು ಬೇರೆಯ ಜಾತಿಯ ಸದ್ದು. ಚೀನಾ ದೇಶಕ್ಕೆ ಕಬ್ಬಿಣದ ಅದಿರು ಬೇಕಾಯಿತು, ಬೆಲೆ ಏರಿತು, ನಮ್ಮ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲಿರುಳೂ ಓಡಿದುವು. ಗಾಜು ನಡುಗುತ್ತಿತ್ತು, ಅಟ್ಟದ ಮೇಲಿನ ಕಾಯಿಗಳು ಒಂದಕ್ಕೊಂದು ತಾಗುತ್ತಿದ್ದುವು. "ಅಭ್ಯಾಸವಾಗಿಬಿಟ್ಟಿದೆ ಕಣಪ್ಪ, ನನಗೆ ಕೇಳಿಸೋದೇ ಇಲ್ಲ" ಎನ್ನುತ್ತಿದ್ದರು ತಂದೆ. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ತಡೆಯಿತು. ಲಾರಿಗಳು ನಿಂತ ಮೊದಲ ರಾತ್ರಿಗಳಲ್ಲೊಂದು ದಿನ ಅವರು ಎರಡು ಸಲ ಎದ್ದು ಬಂದು, "ಯಾಕಪ್ಪ, ಏನಾದರೂ ಆಗಿದೆಯೇ?" ಎಂದು ಕೇಳಿದರು. ಕೇಳಿಸುವುದೇ ಇಲ್ಲವೆಂದಿದ್ದ ಕಿವಿ ಅಷ್ಟು ವರ್ಷವೂ ಕಾವಲು ಕುಳಿತಿತ್ತು!

ವಿಜ್ಞಾನಿಗಳು ಹೇಳುವುದೂ ಇದನ್ನೇ. ಸದ್ದಿಗೆ ಎಚ್ಚರಗೊಳ್ಳುವುದು ದಿನ ಕಳೆದಂತೆ ಕಡಮೆಯಾಗಬಹುದು. ಆದರೆ ನಿದ್ದೆಯಲ್ಲಿದ್ದರೂ ಮಿದುಳು ಅದನ್ನು ಅಪಾಯವೆಂದೇ ಎಣಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಇಳಿಯುತ್ತವೆ, ನಾಡಿ ಚುರುಕಾಗುತ್ತದೆ, ರಕ್ತನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. ರಾತ್ರಿಯಲ್ಲಿ ಇಳಿಯಬೇಕಾದ ಒತ್ತಡ ವರ್ಷಾನುಗಟ್ಟಲೆ ಇಳಿಯದಿದ್ದರೆ ನಾಳಗಳು ಕೆಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಯೂರೋಪಿಗಾಗಿ 2018ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ರಸ್ತೆಯ ಸದ್ದು 53 ಡೆಸಿಬೆಲ್ ದಾಟಿದ ಮೇಲೆ ಪ್ರತಿ 10 ಡೆಸಿಬೆಲ್ಲಿಗೂ ಹೃದಯದ ರಕ್ತನಾಳ ಕಟ್ಟುವ ರೋಗದ ಸಂಭವ ಸುಮಾರು ಶೇಕಡಾ 8ರಷ್ಟು ಹೆಚ್ಚುತ್ತದೆ. ಹತ್ತು ಡೆಸಿಬೆಲ್ ಅಲ್ಪವೆಂದು ತೋರಬಹುದು. ಅದು ಸದ್ದಿನ ಶಕ್ತಿ ಹತ್ತು ಮಡಿಯಾದಂತೆ. ರಾತ್ರಿ 45ನ್ನು ಮೀರಬಾರದೆಂದು ಆ ಸಂಸ್ಥೆಯ ಸಲಹೆ. ತಂದೆಯವರ ಎದೆನೋವು ಲಾರಿಯಿಂದಲೇ ಬಂತೆಂದು ನಾನು ಹೇಳಲಾರೆ. ಬೀಡಿಯೂ ಇತ್ತು, ವಯಸ್ಸೂ ಇತ್ತು, ಡೀಸೆಲ್ಲಿನ ಹೊಗೆಯೂ ಇತ್ತು. ಸಾವಿರಾರು ಜನರ ಲೆಕ್ಕವನ್ನು ಒಬ್ಬನ ಎದೆಗೆ ಕಟ್ಟುವುದು ನ್ಯಾಯವಲ್ಲ. ಕಾಯಿಯೊಂದರ ಮೇಲೆಯೇ ಎಲ್ಲವನ್ನೂ ಹೊರಿಸುವುದೂ ನ್ಯಾಯವಲ್ಲವಷ್ಟೆ.

ಕಾನೂನಿಗೇನೂ ಕೊರತೆಯಿಲ್ಲ. ವಸತಿಯ ಬೀದಿಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ನಮ್ಮ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ, ತೀರ ಅಗತ್ಯವಿಲ್ಲದೆ, ಅಂಥ ಬೀದಿಗಳಲ್ಲಿ ಹಾರನ್ ಕೂಡದೆಂದು ಸುಪ್ರೀಂ ಕೋರ್ಟು 2005ರ ಜುಲೈಯಲ್ಲಿ ಹೇಳಿತು. ಅದೇ ಬೀದಿಯಲ್ಲಿ 'ಸೌಂಡ್ ಹಾರನ್' ಎಂದು ಬೆನ್ನ ಮೇಲೆ ಬರೆಸಿಕೊಂಡ ಲಾರಿ ಹೋಗುತ್ತದೆ. ನಮ್ಮ ರಸ್ತೆ ಈಗ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಅದಿರಲ್ಲದಿದ್ದರೆ ಇನ್ನೊಂದು ಹೊರೆ.

ಇಷ್ಟನ್ನು ಓದಿಕೊಂಡು, ತಂದೆಯವರ ಮಂಚವನ್ನು ಹಿತ್ತಿಲ ಕೋಣೆಗೆ ಹಾಕೋಣವೆಂದೆ. "ಅಲ್ಲಿ ಮಲಗಿದರೆ ಯಾರು ಬಂದರು, ಯಾರು ಹೋದರು ತಿಳಿಯೋದಿಲ್ಲವಲ್ಲೋ" ಎಂದು ಒಂದು ವಾರ ಒಪ್ಪಲಿಲ್ಲ. ಕೊನೆಗೆ ಒಪ್ಪಿದರು, ಚಟ್ನಿಗೆ ಮಾತ್ರ ಯಾರೂ ಕೈ ಹಚ್ಚಕೂಡದೆಂಬ ಕರಾರಿನ ಮೇಲೆ. ಬೀದಿಕೋಣೆಯಲ್ಲಿ ಈಗ ಕಾಯಿ ರಾಶಿ ಹಾಕಿದ್ದೇವೆ.