ತಂತ್ರಾಂಶ ನಿರ್ಮಾಣದಲ್ಲಿ ಸಹಕಾರ

ಗಣಕಯಂತ್ರವನ್ನು ನಡೆಸುವ ಕ್ರಮವಿಧಿಗಳನ್ನು ಹಲವರು ಕೂಡಿ ರಚಿಸುವ, ಪರಿಶೋಧಿಸುವ ಮತ್ತು ಕಾಲಕಾಲಕ್ಕೆ ತಿದ್ದಿ ಕಾಪಾಡಿಕೊಂಡು ಬರುವ ರೀತಿನೀತಿಗಳ ಚರಿತ್ರೆ ಸುಮಾರು ಎಂಟು ದಶಕಗಳಷ್ಟು ಹಿಂದಕ್ಕೆ ಹೋಗುತ್ತದೆ. ಮೇಲ್ನೋಟಕ್ಕೆ ಇದು ಜನರನ್ನು ಒಂದೆಡೆ ಸೇರಿಸಿ ಮಾತನಾಡಿಸಿದ ಕಥೆಯೆಂದು ತೋರಿದರೂ, ಸೂಕ್ಷ್ಮವಾಗಿ ಪರಿಶೀಲಿಸಿದಲ್ಲಿ, ಒಬ್ಬನು ತನ್ನ ಪಾಲಿನ ಕೆಲಸವನ್ನು ಮಾಡುವಾಗ ಮತ್ತೊಬ್ಬನನ್ನು ಕೇಳಲೇಬೇಕಾದ ಪ್ರಶ್ನೆಗಳನ್ನು ಹೇಗೆ ಕಡಿಮೆ ಮಾಡಬಹುದೆಂಬ ಅನ್ವೇಷಣೆಯೇ ಇದರ ಅಂತಸ್ಸೂತ್ರವಾಗಿರುವುದು ಕಂಡುಬರುವುದು.

1945ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಬೃಹದ್ಯಂತ್ರ ಸಿದ್ಧವಾಗುತ್ತಿದ್ದಾಗ, ಅದರಿಂದ ಲೆಕ್ಕ ಮಾಡಿಸುವ ಹೊಣೆ ಆರು ಮಂದಿ ಮಹಿಳೆಯರ ಪಾಲಿಗೆ ಬಂದಿತು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್ ಮತ್ತು ರೂತ್ ಲಿಕ್ಟರ್‌ಮನ್. ಯುದ್ಧಕಾಲದ ಗೋಪ್ಯನಿಯಮಗಳ ದೆಸೆಯಿಂದ ಯಂತ್ರವಿದ್ದ ಕೊಠಡಿಗೆ ಮೊದಮೊದಲು ಪ್ರವೇಶವೇ ದೊರೆಯದೆ, ಅವರು ಬರಿಯ ನಕ್ಷೆಗಳನ್ನು ಹರಡಿಕೊಂಡು, ತಮ್ಮತಮ್ಮಲ್ಲೇ ಚರ್ಚಿಸಿ, ಯಂತ್ರದ ಒಳಗುಟ್ಟನ್ನರಿತು, ತಂತಿಗಳ ಜೋಡಣೆಯಿಂದಲೂ ಸ್ವಿಚ್ಚುಗಳ ತಿರುವಿನಿಂದಲೂ ಕ್ರಮವಿಧಿಯನ್ನು ಹೂಡುವ ವಿದ್ಯೆಯನ್ನು ಸಾಧಿಸಿಕೊಂಡರು. 1946ರ ಫೆಬ್ರವರಿಯ ಸಾರ್ವಜನಿಕ ಪ್ರದರ್ಶನದಲ್ಲಿ ಫಿರಂಗಿ ಗುಂಡಿನ ಪಥವನ್ನು ಲೆಕ್ಕಹಾಕಿ ತೋರಿಸಿದ ಕ್ರಮವಿಧಿ ಜೆನಿಂಗ್ಸ್ ಮತ್ತು ಸ್ನೈಡರ್ ಜೊತೆಗೂಡಿ ಅಣಿಗೊಳಿಸಿದ್ದು. ಆದರೂ ಯಂತ್ರವನ್ನು ಕಟ್ಟಿದವರಿಗೆ ಒಡನೆಯೇ ಸಂದ ಕೀರ್ತಿ ಈ ಆರ್ವರಿಗೆ ಸಲ್ಲಲು ಹಲವು ದಶಕಗಳೇ ಹಿಡಿದವು.

ಒಬ್ಬರು ಮಾಡಿದ ಕೆಲಸ ಅವರ ಪರಿಚಯವೇ ಇಲ್ಲದ ಇನ್ನೊಬ್ಬರಿಗೆ ಒದಗುವಂತಾಗಬೇಕೆಂಬ ಆಲೋಚನೆಗೆ ಸ್ಫುಟವಾದ ರೂಪ ದೊರೆತುದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಅಲ್ಲಿ 1949ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಎಡ್ಸಾಕ್ ಯಂತ್ರಕ್ಕಾಗಿ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಅವರು, ಮತ್ತೆ ಮತ್ತೆ ಬೇಕಾಗುವ ಗಣನೆಗಳನ್ನು ಉಪಕ್ರಮವಿಧಿಗಳನ್ನಾಗಿ ಬಿಡಿಸಿ, ರಂಧ್ರ ಕೊರೆದ ಕಾಗದದ ಪಟ್ಟಿಗಳ ಭಂಡಾರವೊಂದನ್ನು ಕೂಡಿಸಿದರು. ಅದರ ವಿವರಗಳನ್ನೊಳಗೊಂಡು 1951ರಲ್ಲಿ ಪ್ರಕಟವಾದ ಅವರ ಗ್ರಂಥ ಈ ವಿದ್ಯೆಯ ಮೊದಲ ಪಠ್ಯಪುಸ್ತಕವೆಂದು ಸಾಮಾನ್ಯವಾಗಿ ಪರಿಗಣಿತವಾಗಿದೆ. 1955ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಐಬಿಎಂ 704 ಯಂತ್ರವನ್ನು ಬಳಸಲಿದ್ದ ಸಂಸ್ಥೆಗಳವರು ಶೇರ್ ಎಂಬ ಸಂಘವನ್ನು ಕಟ್ಟಿಕೊಂಡರು. ವಿಮಾನ ತಯಾರಿಕೆಯಲ್ಲಿ ಪರಸ್ಪರ ಪೈಪೋಟಿ ನಡೆಸುತ್ತಿದ್ದ ಕಂಪನಿಗಳು ಕ್ರಮವಿಧಿಗಳನ್ನು ಮಾತ್ರ ಧಾರಾಳವಾಗಿ ಹಂಚಿಕೊಂಡದ್ದು ಕುತೂಹಲಕರವಾದರೂ, ಕ್ರಮವಿಧಿಗೆ ಪ್ರತ್ಯೇಕ ಬೆಲೆಯೆಂಬುದು ಇನ್ನೂ ಹುಟ್ಟಿರದ ಆ ಕಾಲದಲ್ಲಿ ಅದು ಔದಾರ್ಯವೂ ಹೌದು, ಮಿತವ್ಯಯವೂ ಹೌದು. 1959ರಲ್ಲಿ ಸಮಿತಿಯೊಂದು ಕೂಡಿ ಕೊಬಾಲ್ ಭಾಷೆಯನ್ನು ರೂಪಿಸತೊಡಗಿತು. ಮರುವರ್ಷದ ಡಿಸೆಂಬರಿನಲ್ಲಿ ಒಂದೇ ಕ್ರಮವಿಧಿ ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳ ಮೇಲೆ ನಡೆದು ತೋರಿಸಿತು. ಸಮಿತಿಗಳಿಂದ ಸುಂದರವಾದುದೇನೂ ಹುಟ್ಟದೆಂಬ ಆಕ್ಷೇಪಣೆಗೆ ಕೊಬಾಲ್ ಆಗಾಗ ನಿದರ್ಶನವಾಗಿದೆ. ಅದರ ದೀರ್ಘಾಯುಷ್ಯವನ್ನು ಮಾತ್ರ ಆಕ್ಷೇಪಿಸುವವರು ಅಲ್ಲಗಳೆಯಲಾರರು.

ಐಬಿಎಂ ಸಂಸ್ಥೆ 1964ರ ಏಪ್ರಿಲ್ 7ರಂದು ಘೋಷಿಸಿದ ಸಿಸ್ಟಂ/360 ಯಂತ್ರಮಾಲೆಗೆ ಬೇಕಾದ ಆಪರೇಟಿಂಗ್ ಸಿಸ್ಟಂನ ರಚನೆ ಈ ಚರಿತ್ರೆಯ ಮಹಾಪ್ರಕರಣವಾಗಿದೆ. ಫ್ರೆಡ್ರಿಕ್ ಬ್ರೂಕ್ಸ್ ಅವರ ನೇತೃತ್ವದಲ್ಲಿ ನಡೆದ ಆ ಕಾರ್ಯದಲ್ಲಿ, ಗುಮಾಸ್ತರು ಮತ್ತು ಬರವಣಿಗೆಯವರೂ ಸೇರಿದಂತೆ, ಒಂದು ಹಂತದಲ್ಲಿ ಸಾವಿರಕ್ಕೂ ಮೀರಿದ ಜನ ತೊಡಗಿದ್ದರು. 1963ರಿಂದ 1966ರವರೆಗೆ ವೆಚ್ಚವಾದ ಶ್ರಮವನ್ನು ಬ್ರೂಕ್ಸ್ ಅವರೇ ಸುಮಾರು 5,000 ಮಾನವವರ್ಷಗಳೆಂದು ಅಂದಾಜು ಮಾಡಿದ್ದಾರೆ. ಇಷ್ಟಾಗಿಯೂ ಕೆಲಸ ನಿಗದಿಯಾದ ಕಾಲಕ್ಕೆ ಮುಗಿಯಲಿಲ್ಲ. ಆ ಅನುಭವವನ್ನು ಮಥಿಸಿ 1975ರಲ್ಲಿ ಅವರು ಹೊರತಂದ 'ದಿ ಮಿಥಿಕಲ್ ಮ್ಯಾನ್-ಮಂತ್' ಎಂಬ ಪ್ರಬಂಧಸಂಗ್ರಹದಲ್ಲಿ, ಹಿಂದೆ ಬಿದ್ದ ಕಾರ್ಯಕ್ಕೆ ಹೊಸ ಜನರನ್ನು ಕೂಡಿಸಿದರೆ ಅದು ಮತ್ತಷ್ಟು ಹಿಂದೆ ಬೀಳುವುದೆಂಬ ಸೂತ್ರ ಪ್ರತಿಪಾದಿತವಾಗಿದೆ. ತೇರಿನ ಮಿಣಿಗೆ ಕೈಗಳು ಹೆಚ್ಚಿದಷ್ಟೂ ತೇರು ಹಗುರವಾಗಿ ಸಾಗುವುದು, ಏಕೆಂದರೆ ಎಳೆಯುವವರು ಒಬ್ಬರನ್ನೊಬ್ಬರು ಏನನ್ನೂ ಕೇಳಬೇಕಾಗಿಲ್ಲ. ಕ್ರಮವಿಧಿಯ ರಚನೆಯಲ್ಲಾದರೋ ಪ್ರತಿಯೊಬ್ಬನ ನಿರ್ಧಾರವೂ ಉಳಿದವರ ನಿರ್ಧಾರಗಳಿಗೆ ತೊಡರಿಕೊಂಡಿರುತ್ತದೆ. ಹತ್ತು ಮಂದಿಯ ತಂಡದಲ್ಲಿ ಇಬ್ಬಿಬ್ಬರ ನಡುವಣ ಸಂಬಂಧಗಳು 45. ಐವತ್ತು ಮಂದಿಯಾದಾಗ ಅವು 1,225.

ಈ ತೊಡರನ್ನು ಬಿಡಿಸಲು ಬ್ರೂಕ್ಸ್ ಮೊದಲು ಹಿಡಿದ ದಾರಿ ಎಲ್ಲರಿಗೂ ಎಲ್ಲವನ್ನೂ ತಿಳಿಸುವುದು. ಯೋಜನೆಯ ಸಮಸ್ತ ಲಿಖಿತಗಳನ್ನೂ ಒಳಗೊಂಡ ಕೈಪಿಡಿಯೊಂದನ್ನು ಪ್ರತಿಯೊಬ್ಬ ಪ್ರೋಗ್ರಾಮರನ ಬಳಿಯೂ ಇರಿಸಿ, ಬದಲಾದ ಪುಟಗಳನ್ನು ದಿನದಿನವೂ ಹಂಚುವ ಏರ್ಪಾಡಾಯಿತು. ಆರೇ ತಿಂಗಳಲ್ಲಿ ಆ ಕೈಪಿಡಿಯ ದಪ್ಪ ಸುಮಾರು ಐದು ಅಡಿಗೆ ಮುಟ್ಟಿ, ಕೊನೆಗೆ ಅದನ್ನು ಮೈಕ್ರೋಫಿಶ್ ಹಾಳೆಗಳಿಗೆ ಇಳಿಸಬೇಕಾಯಿತು. 1972ರಲ್ಲಿ ಡೇವಿಡ್ ಪಾರ್ನಾಸ್ ಇದಕ್ಕೆ ತದ್ವಿರುದ್ಧವಾದ ತತ್ತ್ವವನ್ನು ಮುಂದಿಟ್ಟರು: ಪ್ರತಿಯೊಂದು ಭಾಗವೂ ತನ್ನ ಒಳಗಿನ ವಿವರವನ್ನು ಮರೆಸಿಟ್ಟು, ಹೊರಗಿನವರೊಡನೆ ಮಾಡಿಕೊಂಡ ಒಪ್ಪಂದವನ್ನಷ್ಟೇ ತೋರಿಸತಕ್ಕದ್ದು, ಬದಲಾಗಬಹುದಾದ ನಿರ್ಧಾರ ಯಾವುದೋ ಅದು ಒಂದೇ ಭಾಗದೊಳಗೆ ಅಡಗಿರತಕ್ಕದ್ದು. ಇದನ್ನು ಮೊದಲು ತಿರಸ್ಕರಿಸಿದ್ದ ಬ್ರೂಕ್ಸ್, ತಮ್ಮ ಗ್ರಂಥದ 1995ರ ಆವೃತ್ತಿಯಲ್ಲಿ, ಪಾರ್ನಾಸರೇ ಸರಿಯೆಂದು ನಿಸ್ಸಂಕೋಚವಾಗಿ ಒಪ್ಪಿಕೊಂಡರು. ಬ್ರೂಕ್ಸರ ಸೂತ್ರವನ್ನು ಬಾಯಿಪಾಠವಾಗಿ ಒಪ್ಪಿಸುವ ವ್ಯವಸ್ಥಾಪಕರು ಈ ಒಪ್ಪಿಗೆಯನ್ನು ಅಷ್ಟಾಗಿ ನೆನೆಯದಿರುವುದು ಶೋಚನೀಯ.

1968ರ ವರ್ಷ ಹಲವು ಕಾರಣಗಳಿಂದ ಸ್ಮರಣೀಯವಾಗಿದೆ. ಸಂಸ್ಥೆಯೊಂದು ರಚಿಸುವ ವ್ಯವಸ್ಥೆಯಲ್ಲಿ ಆ ಸಂಸ್ಥೆಯೊಳಗಣ ಸಂಪರ್ಕಗಳ ಆಕೃತಿಯೇ ಪ್ರತಿಬಿಂಬಿಸುವುದೆಂದು ಮೆಲ್ವಿನ್ ಕಾನ್ವೇ ಬರೆದುದು ಆ ಏಪ್ರಿಲ್‌ನಲ್ಲಿ. ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ಸುಮಾರು ಐವತ್ತು ಮಂದಿ ತಜ್ಞರು ನೇಟೊ ಆಶ್ರಯದಲ್ಲಿ ಸೇರಿ ದೊಡ್ಡ ಯೋಜನೆಗಳು ಹೀಗೆ ಹಿಂದೆ ಬೀಳುತ್ತಿದ್ದ ತಂತ್ರಾಂಶದ ಬಿಕ್ಕಟ್ಟನ್ನು ಕುರಿತು ಚರ್ಚಿಸಿದರು. ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್, ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿಯ ಮುಖವನ್ನು ತೆರೆಯ ಮೇಲೆ ಕಾಣುತ್ತ, ಇಬ್ಬರೂ ಒಂದೇ ಬರಹವನ್ನು ನೋಡುತ್ತ ಕೆಲಸಮಾಡುವುದನ್ನು ಪ್ರದರ್ಶಿಸಿದರು. ಸಭಿಕರು ಬೆರಗಾದರು. ಆದರೆ ಮುಂದಿನ ನಾಲ್ಕು ದಶಕಗಳಲ್ಲಿ ಪ್ರೋಗ್ರಾಮರರು ಬಹುಮಟ್ಟಿಗೆ ಆರಿಸಿಕೊಂಡುದು ಏಕಕಾಲದಲ್ಲಿ ಕೂಡಿ ನೋಡುವ ಆ ಮಾರ್ಗವನ್ನಲ್ಲ, ಬೇರೆ ಬೇರೆ ಕುಳಿತು ದುಡಿದು ಆಮೇಲೆ ಹೊಂದಿಸಿಕೊಳ್ಳುವ ಮಾರ್ಗವನ್ನು.

ಆ ಮಾರ್ಗಕ್ಕೆ ಸಾಧನವಾದುದು ಆವೃತ್ತಿ ನಿಯಂತ್ರಣ, ಎಂದರೆ ಸೋರ್ಸ್ ಕೋಡ್ ಎಂಬ ಮೂಲಪಾಠದಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದರ ಅಖಂಡ ದಾಖಲೆ. ಬೆಲ್ ಪ್ರಯೋಗಾಲಯದ ಮಾರ್ಕ್ ರಾಚ್‌ಕಿಂಡ್ 1972ರಲ್ಲಿ ಎಸ್‌ಸಿಸಿಎಸ್ ವ್ಯವಸ್ಥೆಯನ್ನು ನಿರ್ಮಿಸಿದರು. ಅದರಲ್ಲಿ ಒಬ್ಬನು ಕಡತವನ್ನು ತಿದ್ದಲು ಪಡೆದರೆ ಅವನು ಹಿಂದಿರುಗಿಸುವ ತನಕ ಇನ್ನೊಬ್ಬನು ಕಾಯಬೇಕಿತ್ತು. 1986ರಲ್ಲಿ ಆಮ್ಸ್ಟರ್‌ಡ್ಯಾಮಿನ ಅಧ್ಯಾಪಕ ಡಿಕ್ ಗ್ರೂನ್ ಇಬ್ಬರು ವಿದ್ಯಾರ್ಥಿಗಳೊಡನೆ ಕಂಪೈಲರ್ ಒಂದನ್ನು ಬರೆಯುತ್ತಿದ್ದಾಗ, ಮೂವರ ದಿನಚರಿಗಳೂ ಒಂದಕ್ಕೊಂದು ಹೊಂದದೆ, ಎಲ್ಲರೂ ಏಕಕಾಲಕ್ಕೆ ತಿದ್ದಿ ತರುವಾಯ ಕೂಡಿಸಿಕೊಳ್ಳಬಹುದಾದ ಸಿವಿಎಸ್ ವ್ಯವಸ್ಥೆಯನ್ನು ರೂಪಿಸಿಕೊಂಡರು. ಬೀಗ ಹಾಕದಿದ್ದರೆ ಅನರ್ಥವಾದೀತೆಂಬ ಭಯ ಬಹಳಮಟ್ಟಿಗೆ ನಿರಾಧಾರವೆಂದು ಅನುಭವದಿಂದ ಸಿದ್ಧವಾಯಿತು; ಇಬ್ಬರು ಒಂದೇ ಪಂಕ್ತಿಯನ್ನು ಒಂದೇ ಹೊತ್ತಿಗೆ ತಿದ್ದುವ ಪ್ರಸಂಗ ಭಾವಿಸಿದ್ದಕ್ಕಿಂತ ವಿರಳ.

1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ, ಮುಂದೆ ಲಿನಕ್ಸ್ ಎಂದು ಹೆಸರಾದ ಆಪರೇಟಿಂಗ್ ಸಿಸ್ಟಂ ಒಂದರ ಸುದ್ದಿಯನ್ನು ಲೋಕಕ್ಕೆ ತಿಳಿಸಿದಾಗ, ರಿಚರ್ಡ್ ಸ್ಟಾಲ್ಮನ್ ಅವರ ಗ್ನೂ ಚಳವಳಿ ಎಂಟು ವರ್ಷಗಳಿಂದ ಅದಕ್ಕೆ ಬೇಕಾದ ಪರಿಕರಗಳನ್ನೂ, ಹಂಚಿಕೆಯ ಹಕ್ಕನ್ನು ಕಾಯುವ ಪರವಾನಗಿಯನ್ನೂ ಸಿದ್ಧಪಡಿಸಿತ್ತು. ಲಿನಕ್ಸ್‌ಗೆ ನೆರವಾದವರು ಬಹುಪಾಲು ಒಬ್ಬರನ್ನೊಬ್ಬರು ಕಂಡವರಲ್ಲ. ತಿದ್ದುಪಡಿಗಳು ಇಮೇಲ್ ಮೂಲಕ ಬರುತ್ತಿದ್ದವು, ಟೊರ್ವಾಲ್ಡ್ಸ್ ಅವನ್ನು ಆಯ್ದು ಸೇರಿಸುತ್ತಿದ್ದರು. 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ವ್ಯವಸ್ಥೆಯ ಉಚಿತ ಬಳಕೆಗೆ 2005ರಲ್ಲಿ ಸಂಚಕಾರ ಬಂದಾಗ, ಅವರು ಆ ಏಪ್ರಿಲ್‌ನ ಕೆಲವೇ ದಿನಗಳಲ್ಲಿ ಗಿಟ್ ಎಂಬ ಹೊಸ ವ್ಯವಸ್ಥೆಯ ಮೂಲರೂಪವನ್ನು ಬರೆದರು; ಜುಲೈಯಲ್ಲಿ ಅದರ ಪಾಲನೆ ಜುನಿಯೊ ಹಮಾನೊ ಅವರ ಕೈಸೇರಿತು. ಗಿಟ್‌ನಲ್ಲಿ ಮೂಲಸ್ಥಾನವೆಂಬುದು ಕಡ್ಡಾಯವಲ್ಲ. ಪ್ರತಿಯೊಬ್ಬನ ಬಳಿಯೂ ಸಮಗ್ರ ಇತಿಹಾಸವಿರುವುದರಿಂದ ಯಾರ ಅನುಮತಿಯನ್ನೂ ಕೇಳದೆ ಕೆಲಸ ಆರಂಭಿಸಬಹುದು, ಕೇಳಬೇಕಾದುದು ಸೇರಿಸುವಾಗ ಮಾತ್ರ. 2008ರಲ್ಲಿ ಆರಂಭವಾದ ಗಿಟ್‌ಹಬ್ ಈ ಕೇಳಿಕೆಯನ್ನೇ ಗುಂಡಿಯೊಂದನ್ನು ಒತ್ತುವಷ್ಟು ಸರಳಗೊಳಿಸಿತು. ವಿಕೇಂದ್ರೀಕರಣಕ್ಕಾಗಿ ಹುಟ್ಟಿದ ಸಾಧನ ಬಹುಪಾಲು ಒಂದೇ ಕಂಪನಿಯ ಅಂಗಳದಲ್ಲಿ ನೆಲೆಗೊಂಡುದು ವಿಪರ್ಯಾಸವೇ ಸರಿ. ಆ ಕಂಪನಿಯನ್ನು 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರುಗಳಿಗೆ ಕೊಂಡಿತು.

ಬೇರೆ ಬೇರೆ ಕುಳಿತು ದುಡಿಯುವ ಈ ಮಾರ್ಗಕ್ಕೆ ವಿರುದ್ಧ ದಿಕ್ಕಿನ ಪ್ರವಾಹವೂ ಉಂಟು. ಕೆಂಟ್ ಬೆಕ್ ಪ್ರಚಾರಕ್ಕೆ ತಂದ ಎಕ್ಸ್ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯಲ್ಲಿ ಇಬ್ಬರು ಒಂದೇ ಯಂತ್ರದ ಮುಂದೆ ಕುಳಿತು ಬರೆಯುತ್ತಾರೆ; 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ ಹದಿನೇಳು ಮಂದಿ ಸೇರಿ ಹೊರಡಿಸಿದ ಅಜೈಲ್ ಪ್ರಣಾಳಿಕೆಯೂ ಮುಖಾಮುಖಿ ಮಾತಿಗೆ ಅಗ್ರಸ್ಥಾನ ಕೊಟ್ಟಿತು. ಸಣ್ಣ ತಂಡಗಳಿಗೆ ಇದು ಹಿತವಾಗಿ ಒದಗಿತಾದರೂ, ದೊಡ್ಡ ಕಚೇರಿಗಳಲ್ಲಿ ಬೆಳಗ್ಗೆ ನಿಂತುಕೊಂಡೇ ನಡೆಸುವ ಸಭೆಯಷ್ಟೇ ಉಳಿದು ತತ್ತ್ವ ಆವಿಯಾದ ನಿದರ್ಶನಗಳಿಗೆ ಕೊರತೆಯಿಲ್ಲ.

ಮುಖಾಮುಖಿಯೇ ಅಸಾಧ್ಯವಾದ ಸಹಕಾರದ ದೊಡ್ಡ ಕ್ಷೇತ್ರ ಬೆಂಗಳೂರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ಕೇಂದ್ರವನ್ನು ತೆರೆದು ಉಪಗ್ರಹದ ಮೂಲಕ ಅಮೆರಿಕಕ್ಕೆ ನೇರ ಸಂಪರ್ಕ ಕಲ್ಪಿಸಿಕೊಂಡ ಮೇಲೆ, ಇಲ್ಲಿನ ಹಗಲನ್ನೂ ಅಲ್ಲಿನ ಹಗಲನ್ನೂ ಒಂದೇ ಕೆಲಸಕ್ಕೆ ಹೆಣೆಯುವುದು ಸಾಧ್ಯವಾಯಿತು. ಒಬ್ಬರು ಎಚ್ಚರವಿದ್ದಾಗ ಇನ್ನೊಬ್ಬರು ನಿದ್ರಿಸುವ ಈ ಏರ್ಪಾಟಿನಲ್ಲಿ ಬಾಯಿಮಾತಿಗೆ ಎಡೆ ಕಡಿಮೆಯಾದುದರಿಂದ, ಎಲ್ಲವನ್ನೂ ಬರೆದಿಡುವ ಶಿಸ್ತು ಅನಿವಾರ್ಯವಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ವಾಟ್ಸ್ ಹಂಫ್ರಿ ರೂಪಿಸಿದ ತಂತ್ರಾಂಶ ರಚನೆಯ ಶಿಸ್ತನ್ನು ಅಳೆಯುವ ಐದು ಮಟ್ಟಗಳ ಪ್ರಮಾಣಪದ್ಧತಿಯನ್ನು ಭಾರತದ ಕಂಪನಿಗಳು ಅಷ್ಟೊಂದು ಶ್ರದ್ಧೆಯಿಂದ ಅನುಸರಿಸಿದುದಕ್ಕೆ ದೂರದ ಗಿರಾಕಿಯ ವಿಶ್ವಾಸವನ್ನು ಗಳಿಸುವ ಹಂಬಲದಷ್ಟೇ ಈ ಅಗತ್ಯವೂ ಕಾರಣ. ಇದೇ ನಾಡಿನ ಸ್ವಯಂಸೇವಕರು ಲಿನಕ್ಸ್ ಪರಿಸರದ ಸೂಚನಾಪದಗಳನ್ನು ಸಂಭಾವನೆಯ ಅಪೇಕ್ಷೆಯಿಲ್ಲದೆ ಕನ್ನಡಕ್ಕೆ ತಂದಿರುವುದನ್ನೂ ಇಲ್ಲಿ ಹೇಳಬೇಕು.

ಇಂಥ ತೆರೆದ ತಂತ್ರಾಂಶದಲ್ಲಿ, ನೋಡುವ ಕಣ್ಣುಗಳು ಸಾಕಷ್ಟಿದ್ದರೆ ಯಾವ ದೋಷವೂ ಅಡಗಿರದೆಂಬ ಎರಿಕ್ ರೇಮಂಡ್ ಅವರ ವಾದ 1997ರಿಂದ ಪ್ರಸಿದ್ಧ. ಆದರೆ ನೋಡಬಲ್ಲವರೆಲ್ಲರೂ ನೋಡುತ್ತಾರೆಂಬುದಕ್ಕೆ ಆಧಾರವಿಲ್ಲ. ಅಂತರಜಾಲದ ಗೋಪ್ಯಸಂವಹನಕ್ಕೆ ಆಧಾರವಾದ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಎರಡು ವರ್ಷಗಳಿಂದ ಬಹಿರಂಗ ಪಾಠದಲ್ಲಿಯೇ ಇದ್ದಿತು. 2024ರ ಪ್ರಸಂಗ ಇನ್ನೂ ಗಂಭೀರವಾದುದು. ಎಕ್ಸ್‌ಝಡ್ ಎಂಬ ಸಂಕ್ಷೇಪಣ ತಂತ್ರಾಂಶಕ್ಕೆ ವರ್ಷಗಟ್ಟಲೆ ನೆರವಾಗಿ, ಪಾಲಕನ ವಿಶ್ವಾಸವನ್ನು ಗಳಿಸಿ, ಸಹಪಾಲಕತ್ವವನ್ನೂ ಪಡೆದ ಗುಪ್ತನಾಮಧಾರಿಯೊಬ್ಬನು ಅದರೊಳಗೆ ಕಳ್ಳಬಾಗಿಲೊಂದನ್ನು ಸೇರಿಸಿದನು. ದೂರದ ಯಂತ್ರಕ್ಕೆ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿರುವುದನ್ನು ಗಮನಿಸಿ, ಅದರ ಕಾರಣವನ್ನು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಮಾರ್ಚ್ 29ರಂದು ಇದನ್ನು ಬಯಲಿಗೆ ತಂದರು. ಅಷ್ಟು ಹೊತ್ತಿಗೆ ಆ ಕೋಡ್ ಕೆಲವು ಲಿನಕ್ಸ್ ವಿತರಣೆಗಳ ಪ್ರಾಯೋಗಿಕ ಆವೃತ್ತಿಗಳನ್ನು ಮುಟ್ಟಿತ್ತು, ಜನಬಳಕೆಯ ಸ್ಥಿರ ಆವೃತ್ತಿಗಳನ್ನು ಬಹುತೇಕ ಮುಟ್ಟಿರಲಿಲ್ಲ.